ಒಂದೇ ಕೈಯಲ್ಲಿ ಬಿಚ್ಚುವ ಚಾಕು

ಚಾಕು ಬಿಚ್ಚಲು ಹೋಗಿ ಹಲ್ಲು ಮುರಿದುಕೊಂಡವರನ್ನು ನೀವು ನೋಡಿದ್ದೀರಾ, ಮಕ್ಕಳೇ? ನೋಡಿಲ್ಲದಿದ್ದರೆ ನಿಮ್ಮ ಅಜ್ಜಿ ಇದ್ದಾಳೆ.

ಹೋದ ವರ್ಷ ಬಚ್ಚಲಲ್ಲಿ ಜಾರಿ ಎಡಗೈ ಮಣಿಕಟ್ಟು ಮುರಿಯಿತಲ್ಲ, ಮೂಳೆ ಕೂಡಿತು, ಬೆರಳಿಗೆ ಬಲ ಬರಲಿಲ್ಲ. ಹಿತ್ತಿಲ ಟೊಮೊಟೊ ಗಿಡವನ್ನು ಕಡ್ಡಿಗೆ ಒರಗಿಸಿ ದಾರ ಕಟ್ಟುವಾಗ ಎಡಗೈ ಗಿಡವನ್ನು ಅವುಚಿಕೊಳ್ಳುತ್ತದೆ. ಗಂಟು ಹೇಗೋ ಬೀಳುತ್ತದೆ. ದಾರ ಕೊಯ್ಯಬೇಕಲ್ಲ? ಮಡಚುವ ಚಾಕು ಬಿಚ್ಚಲು ಎರಡು ಕೈ ಬೇಕು. ನಾನು ಹಲ್ಲಲ್ಲಿ ಕಚ್ಚಿ ಎಳೆದೆ. ಚಾಕು ಗೆದ್ದಿತು.

(ಕತ್ತರಿ ಇಟ್ಟುಕೊಳ್ಳಬಾರದಿತ್ತೇ ಅಂತ ಕೇಳಬೇಡಿ. ಬಾಳೆ ಎಲೆಯ ದಂಟು, ಕುಂಬಳದ ತೊಟ್ಟು ಕತ್ತರಿಗೆ ಬಗ್ಗುವುದಿಲ್ಲ. ಅಡುಗೆಮನೆಯ ಚಾಕು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿದರೆ ನನಗೇ ಚುಚ್ಚುತ್ತದೆ.)

ಸೊಸೆ ರತ್ನ ಅಂದೇ ತೀರ್ಮಾನ ಹೇಳಿದಳು. "ಸಾಕ್ ಬುಡಿ ಅತ್ತೆ. ಹಲ್ಲೋಯ್ತು, ನಾಳಿಕೆ ಕಣ್ಣೋದ್ರೆ? ಹಿತ್ಲು ಕಡೆ ಒಬ್ರೇ ಓಗ್ಬೇಡಿ. ಟಿವಿ ನೋಡ್ಕಂಡು ಕೂತ್ಕಳಿ."

ಅವಳು ಹೇಳಿದ್ದು ಒಳ್ಳೆಯದಕ್ಕೇ. ಆದರೆ ಹಿತ್ತಿಲಿಗೆ ಒಬ್ಬಳೇ ಹೋಗುವಂತಿಲ್ಲ ಅಂದರೆ ನನಗೆ ಇನ್ನೇನು ಉಳಿಯಿತು?

ಬದನಗುಪ್ಪೆಯ ಫ್ಯಾಕ್ಟರಿಗೆ ಹೋಗುವ ಮೊಮ್ಮಗಳು ದಿವ್ಯ ಫೋನಿನಲ್ಲಿ ಒಂದು ಚಾಕುವಿನ ಚಿತ್ರ ಹಿಡಿದು ಪಕ್ಕಕ್ಕೆ ಬಂದಳು. "ಇಲ್ನೋಡಜ್ಜಿ, ಗುಂಡಿ ಒತ್ತುದ್ರೆ ತಾನೇ ಬಿಚ್ಕತದೆ. ಒಂದೇ ಕೈ ಸಾಕು."

"ಅಂಗಾದ್ರೆ ನನಗೇ ಅಂತ ಮಾಡವ್ರೆ ಕಣಮ್ಮಿ" ಅಂದೆ.

ಫಾರಿನ್‌ನಿಂದ ಆರ್ಡರ್ ಮಾಡಿದಳು. ಚಾಕು ಬರಲಿಲ್ಲ. ಕಸ್ಟಮ್ಸ್‌ನವರು ಹಿಡಿದಿಟ್ಟಿದ್ದಾರೆ ಅಂತ ಮೆಸೇಜ್ ಬಂತು, ಜೊತೆಗೊಂದು ಫೋನ್ ನಂಬರು.

ಗೊತ್ತಿಲ್ಲದವರ ಹತ್ತಿರ ಮಾತಾಡುವುದೆಂದರೆ ನನಗೆ ಈಗಲೂ ಅಂಜಿಕೆ. ಆದರೂ ಫೋನ್ ಮಾಡಿಸಿದೆ. ಆ ಕಡೆಯ ಸಾಹೇಬರು ಸಭ್ಯಸ್ಥರು.

"ಅಮ್ಮಾ, ಗುಂಡಿ ಒತ್ತಿ ತೆರೆಯೋ ಚಾಕು ಹೊರದೇಶದಿಂದ ತರಿಸೋ ಹಾಗಿಲ್ಲ. ಅದನ್ನ ಆಯುಧ ಅಂತ ಲೆಕ್ಕ ಹಾಕ್ತಾರೆ."

"ಟೊಮೊಟೊ ಕಟ್ಟಕ್ಕೆ ಸ್ವಾಮಿ."

"ಅರ್ಥ ಆಗುತ್ತೆ. ಆದರೆ ಒಂದೇ ಕೈಯಲ್ಲಿ ಥಟ್ ಅಂತ ತೆರೆದುಕೊಳ್ಳುತ್ತಲ್ಲಮ್ಮ, ಅದೇ ಅಪಾಯ."

"ನನಗಿರಾದೇ ಒಂದು ಕೈ ಸ್ವಾಮಿ."

"ಅದಕ್ಕೆ ರೂಲ್ಸಲ್ಲಿ ಅವಕಾಶ ಇಲ್ಲಮ್ಮ" ಅಂದರು. ಅವರ ತಪ್ಪೇನಿದೆ? ರೂಲು ಬರೆದವರು ಅವರಲ್ಲ.

ಗುಂಡ್ಲುಪೇಟೆ ಸಂತೆಗೆ ಹೋಗಿ ನೋಡಿ. ಗೋಣಿಚೀಲ ಹಾಸಿ ಮೊಳದುದ್ದದ ಮಚ್ಚು ಜೋಡಿಸಿಟ್ಟಿರುತ್ತಾರೆ. ಎತ್ತಿ ನೋಡಿ, ಚೌಕಾಸಿ ಮಾಡಿ, ಬಗಲಿಗೆ ಸಿಕ್ಕಿಸಿಕೊಂಡು ಬಸ್ ಹತ್ತಿದರೂ ಯಾರೂ ಹೆಸರು ಕೇಳುವುದಿಲ್ಲ. ಬೆರಳುದ್ದದ ನನ್ನ ಚಾಕು ಮಾತ್ರ ದೇಶದೊಳಕ್ಕೆ ಬರಬಾರದು!

ಬಂಡೀಪುರದ ಚೆಕ್‌ಪೋಸ್ಟಿನಲ್ಲಿ ಕೆಲಸ ಮಾಡುವ ಮಗ ಮಹದೇವ ರಜೆಗೆ ಬಂದಿದ್ದ. ಅವನು ಸರ್ಕಾರದ ಪರ.

"ರೂಲು ಅಂದ್ರೆ ರೂಲು ಕಣವ್ವ. ನಾವು ರಾತ್ರಿ ಗೇಟ್ ಹಾಕಲ್ವಾ? ಎಷ್ಟ್ ಜನ ಬೈತಾರೆ ಗೊತ್ತಾ?"

"ನಿಮ್ ಗೇಟಿಂದ ಜಿಂಕೆ ಬದುಕ್ತವೆ. ಸರಿಯಾಗೇ ಮಾಡ್ತಿದ್ದೀರಿ. ಆಂಬುಲೆನ್ಸ್ ಬಂದ್ರೆ?"

"ತೆಗಿತೀವಿ. ಅದಕ್ಕೇನು?"

"ಅಷ್ಟೇ ಕಣಪ್ಪ ನಾ ಕೇಳ್ತಿರಾದು."

ರತ್ನ ಒಳಗಿನಿಂದಲೇ ಕೂಗಿದಳು. "ಅತ್ತೆನ ಆಂಬುಲೆನ್ಸ್‌ನಲ್ಲೇ ಕೂರಿಸ್ಕಂಡು ಓಗಿ, ಗೇಟ್ ತೆಗಿತಾರೆ!" ಮಗ ನಕ್ಕ. ನಾನೂ ನಕ್ಕೆ.

ನಾನು ಕಾನೂನಿನ ವಿರೋಧಿಯಲ್ಲ. ಗುಂಡಿ ಒತ್ತಿ ಬಿಚ್ಚಿ ಯಾರಿಗಾದರೂ ಇರಿಯುವವರು ಇದ್ದೇ ಇರುತ್ತಾರೆ, ಅವರನ್ನು ತಡೆಯಬೇಕು, ನಿಜ. ಪರವಾನಗಿ ಕೇಳಲಿ, ಡಾಕ್ಟರ ಚೀಟಿ ಕೇಳಲಿ, ಪೊಲೀಸರು ಮನೆಗೆ ಬಂದು ನನ್ನ ಟೊಮೊಟೊ ಗಿಡಗಳನ್ನೇ ನೋಡಿಕೊಂಡು ಹೋಗಲಿ. (ಕಾಫಿ ಕೊಡುತ್ತೇನೆ.) ಏನನ್ನೂ ಕೇಳದೆ ಇಲ್ಲ ಅನ್ನುವುದು ಸುಲಭ, ಅಷ್ಟೇ.

ಪಾರ್ಸೆಲ್ ವಾಪಸ್ ಹೋಯಿತಂತೆ. ಈಗ ದಾರ ಕಟ್ಟುವಾಗ ರತ್ನ ಬಂದು ಕೊಯ್ದುಕೊಡಬೇಕು. ನಾನು ಬಿಗಿ ಹಿಡಿದು "ಕುಯ್ಯಿ" ಅನ್ನುತ್ತೇನೆ, ಅವಳು ಕೊಯ್ಯುತ್ತಾಳೆ. ಅವಳಿಗೆ ಅಡುಗೆ ಇದೆ, ಹಸು ಇದೆ, ಸಂಘದ ಮೀಟಿಂಗ್ ಇದೆ. ಬಿಡುವಾದಾಗ ಬರುತ್ತಾಳೆ, ಬೇಸರ ಪಡದೆ ಬರುತ್ತಾಳೆ. ಗಿಡ ಅಲ್ಲಿಯವರೆಗೆ ಕಾಯುತ್ತದೆಯೇ? ಮೊನ್ನೆಯ ಗಾಳಿಗೆ ಒಂದು ಸಾಲು ಹಣ್ಣಿನ ಸಮೇತ ನೆಲಕ್ಕೆ ಮಲಗಿತು. ನಾನು ಜಗಲಿಯ ಮೇಲೆ ಕೂತು ನೋಡಿದೆ.

ಆ ರೂಲು ಬರೆಯುವಾಗ ಇರಿಯುವವರ ಕೈಯನ್ನು ಅಷ್ಟು ಚೆನ್ನಾಗಿ ನೆನೆಸಿಕೊಂಡವರಿಗೆ, ನಮ್ಮಂಥವರ ಕೈ ಒಂದು ಸಲವೂ ನೆನಪಾಗಲಿಲ್ಲವೇ?