ಮುಳುಗಿದ ಹಡಗಿನಲ್ಲಿ ಪಂಕಜಾ ಆಂಟಿಯ ಧ್ವನಿ

ನಂಬಲಾಗದಂಥ ಅನುಭವಗಳನ್ನು ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅವರು ಸುಳ್ಳು ಹೇಳುತ್ತಾರೆ ಎಂದಲ್ಲ, ಸರಿಯಾಗಿ ನಿದ್ದೆ ಮಾಡಿರುವುದಿಲ್ಲ ಎಂಬುದು ನನ್ನ ಅಭಿಪ್ರಾಯವಾಗಿತ್ತು. ನನ್ನ ಕೆಲಸವೂ ಹಾಗೇ ಇದೆ. ಜಖಂಗೊಂಡ ಗಾಡಿಗಳನ್ನು ನೋಡಿ ವಿಮೆಯವರಿಗೆ ವರದಿ ಕೊಡುವ ಸರ್ವೇಯರ್ ನಾನು. ನಿಂತಿದ್ದ ಕಾರಿಗೆ ಹಸುವೇ ಓಡಿಬಂದು ಗುದ್ದಿತು ಎನ್ನುವವರನ್ನೂ, ಕಾಂಪೌಂಡ್ ಗೋಡೆ ನಿನ್ನೆ ಅಲ್ಲಿ ಇರಲೇ ಇಲ್ಲ ಎಂದು ಆಣೆ ಮಾಡುವವರನ್ನೂ ದಿನವೂ ನೋಡುತ್ತೇನೆ. ಜನ ಹೇಳಿದ್ದನ್ನು ನಂಬದೆ ಇರುವುದಕ್ಕೇ ನನಗೆ ಸಂಬಳ. ಆದ್ದರಿಂದ ನಾನು ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನಾವಿರುವುದು ಬಸವೇಶ್ವರನಗರದ ಒಂದು ಅಡ್ಡರಸ್ತೆಯಲ್ಲಿ. ರಸ್ತೆ ಮಾಡಿದ ಕಾಲದಲ್ಲಿ ಮನೆಗೊಂದು ಸೈಕಲ್ ಇದ್ದಿರಬೇಕು. ಈಗ ಮನೆಗೆ ಎರಡೆರಡು ಕಾರು. ಎರಡೂ ಬದಿ ಸಾಲಾಗಿ ನಿಂತ ಮೇಲೆ ನಡುವೆ ಉಳಿಯುವ ಜಾಗದಲ್ಲಿ ಒಂದು ಕಾರು ಉಸಿರು ಬಿಗಿಹಿಡಿದು ಹೋಗಬಹುದು. ರಸ್ತೆಯ ಆ ತುದಿ ಮುಚ್ಚಿರುವುದರಿಂದ ಒಳಗೆ ಬಂದವರು ರಿವರ್ಸಿನಲ್ಲೇ ಹೊರಗೆ ಹೋಗಬೇಕು. ಹೀಗೆ ಬರುವ ಹೋಗುವ ಗಾಡಿಗಳಿಗೆಲ್ಲ ದಾರಿ ತೋರಿಸುವ ಜವಾಬ್ದಾರಿಯನ್ನು ಯಾರೂ ಕೇಳದೆ ಹೊತ್ತುಕೊಂಡವರು ನಮ್ಮ ಎದುರು ಮನೆಯ ಪಂಕಜಾ ಆಂಟಿ.

ಎಂಜಿನ್ ಶಬ್ದ ಕೇಳಿದರೆ ಸಾಕು, ಒಲೆಯ ಮೇಲೆ ಏನಿದ್ದರೂ ಬಿಟ್ಟು ಗೇಟಿಗೆ ಬರುತ್ತಾರೆ. "ಬರ್ಲಿ, ಬರ್ಲಿ, ಬರ್ಲಿ" ಎಂದು ಕೈ ಆಡಿಸುತ್ತಾರೆ. ಅವರ ಧ್ವನಿ ತೆಳ್ಳಗಿದ್ದರೂ ಕಂಚಿನ ತಟ್ಟೆಗೆ ಚಮಚ ಬಡಿದ ಹಾಗೆ ದೂರ ಹೋಗುತ್ತದೆ. ಆಂಟಿ ಜೀವನದಲ್ಲಿ ಒಂದು ದಿನವೂ ಗಾಡಿ ಓಡಿಸಿದವರಲ್ಲ. ಮೇಲಾಗಿ ಅವರಿಗೆ ಎಡ ಬಲ ಅದಲು ಬದಲು. ಬಾಯಲ್ಲಿ "ಲೆಫ್ಟು, ಲೆಫ್ಟು" ಎನ್ನುವಾಗ ಕೈ ಬಲಕ್ಕೆ ತೋರಿಸುತ್ತಿರುತ್ತದೆ, ಮತ್ತು ಕೈಯೇ ಸರಿ. ಅವರ ಕೈ ನೋಡಬೇಕು, ಮಾತು ಕೇಳಬಾರದು ಎಂಬುದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಇನ್ನು "ಸ್ಟಾಪ್" ಎಂಬುದನ್ನು ಅವರು ಹೇಳುವುದು ಗಾಡಿ ಎಲ್ಲಿಗಾದರೂ ತಗುಲಿದ ಮೇಲೆ. ನನ್ನ ಕಾರಿನ ಹಿಂದಿನ ಬಂಪರಿನಲ್ಲಿ ಇರುವ ಎರಡು ಗುಳಿಗಳು ಅವರ ಮಾರ್ಗದರ್ಶನದ ಫಲ.

ಇನ್ನು ಸಮುದ್ರದ ವಿಷಯ. ಬೆನ್ನುನೋವಿಗೆ ಈಜಾಡಿ ಎಂದು ಡಾಕ್ಟರು ಹೇಳಿದರು. ಈಜುಕೊಳದಲ್ಲಿ ಗಿರೀಶನ ಪರಿಚಯವಾಯಿತು. ಅವನು ಕೆಂಗೇರಿ ಉಪನಗರದಲ್ಲಿ ಕ್ಲಿನಿಕ್ ಇಟ್ಟಿರುವ ಹಲ್ಲಿನ ಡಾಕ್ಟರು. ದಿನವಿಡೀ ಜನರ ಬಾಯೊಳಗೆ ಇಣುಕಿ ಸಾಕಾಗಿದ್ದ ಅವನಿಗೆ, ಯಾರೂ ಬಾಯಿ ತೆರೆಯಲಾಗದ ಒಂದು ಜಾಗ ಬೇಕಾಗಿತ್ತಂತೆ. ಹಾಗೆ ಡೈವಿಂಗ್ ಹಿಡಿದಿದ್ದ. ನನ್ನನ್ನೂ ಹಿಡಿಸಿದ. ಕೆಲವು ವರ್ಷಗಳಲ್ಲಿ ಇಬ್ಬರೂ ಆಳಕ್ಕೆ ಇಳಿಯುವ ತರಬೇತಿ ಮುಗಿಸಿದೆವು. ಬೆನ್ನುನೋವು ಮಾತ್ರ ಹಾಗೇ ಇದೆ.

ಪುದುಚೇರಿ ಕಡೆಯ ಸಮುದ್ರದಲ್ಲಿ, ದಡದಿಂದ ಬಹಳ ದೂರ, ಒಂದು ಸರಕು ಹಡಗು ಮುಳುಗಿ ಕೂತಿದೆ. ಬಿರುಗಾಳಿಗೆ ಸಿಕ್ಕಿ ಮುಳುಗಿದ್ದು. ಅದರಲ್ಲಿದ್ದವರನ್ನೆಲ್ಲ ಇನ್ನೊಂದು ಹಡಗು ಬಂದು ಉಳಿಸಿತ್ತಂತೆ. ಅದು ಇರುವ ಆಳವನ್ನು ಹೇಳುವುದಾದರೆ, ಇಪ್ಪತ್ತು ಮಹಡಿಯ ಕಟ್ಟಡವನ್ನು ಅಲ್ಲಿ ನಿಲ್ಲಿಸಿದರೆ ಅದರ ತಾರಸಿ ಸುಮಾರಾಗಿ ನೀರಿನ ಮಟ್ಟಕ್ಕೆ ಬಂದೀತು. ಅಷ್ಟು ಆಳದಲ್ಲಿ ಮಾಮೂಲಿ ಗಾಳಿ ಉಸಿರಾಡಿದರೆ ಕುಡಿದವರ ಹಾಗೆ ತಲೆಗೆ ಏರುತ್ತದೆ, ಇಲ್ಲದ್ದು ಕಾಣುತ್ತದೆ, ಕೇಳುತ್ತದೆ. ಹಾಗಾಗಬಾರದು ಎಂದೇ ಹೀಲಿಯಂ ಬೆರೆಸಿದ ಗಾಳಿಯನ್ನು ಸಿಲಿಂಡರಿಗೆ ತುಂಬಿಸಿಕೊಂಡು ಹೋಗುತ್ತಾರೆ. ನಾವೂ ಹಾಗೇ ಹೋಗಿದ್ದೆವು. ಈ ಮಾತನ್ನು ದಯವಿಟ್ಟು ನೆನಪಿಡಿ, ಏಕೆಂದರೆ ಎಲ್ಲರೂ ಮೊದಲು ಕೇಳುವ ಪ್ರಶ್ನೆ ಅದೇ.

ಹೋಗಿದ್ದು ಗಿರೀಶನ ಗಾಡಿಯಲ್ಲಿ. ನನ್ನ ಕಾರು ಆಗ ಮಾಗಡಿ ರಸ್ತೆಯ ಒಂದು ಗ್ಯಾರೇಜಿನಲ್ಲಿತ್ತು. ಎಂಜಿನ್ ಬಿಚ್ಚಿ ನೆಲದ ಮೇಲೆ ಹರವಿದ್ದರು. ನಾನು ಮೆಟ್ರೋ ಹಿಡಿದು ಕೆಂಗೇರಿಗೆ ಹೋಗಿ ಗಿರೀಶನನ್ನು ಕೂಡಿಕೊಂಡೆ. ಹೆಂಡತಿ ಶೈಲಾಗೆ "ಸ್ವಲ್ಪ ನೀರಿಗೆ ಇಳೀತೀವಿ ಅಷ್ಟೇ" ಎಂದಿದ್ದೆ. ಬೀದಿಯಲ್ಲಿ ಬೇರೆ ಯಾರಿಗೂ ಹೇಳಿರಲಿಲ್ಲ. ಪುದುಚೇರಿಗೆ ಹೋಗುತ್ತೇನೆ ಎಂದರೆ ನಮ್ಮ ಬೀದಿಯವರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ.

ಭಾನುವಾರ ಬೆಳಿಗ್ಗೆ ಬಿಸಿಲು ಚೆನ್ನಾಗಿ ಬಿದ್ದ ಮೇಲೆ ಬಾಡಿಗೆ ದೋಣಿಯಿಂದ ನೀರಿಗೆ ಇಳಿದೆವು. ಲಂಗರಿನ ಹಗ್ಗ ಹಿಡಿದು ಕೆಳಗೆ ಹೋದಂತೆ ಬೆಳಕು ಹಸಿರಾಯಿತು, ಆಮೇಲೆ ಬೂದು ಬಣ್ಣಕ್ಕೆ ತಿರುಗಿತು, ಕೊನೆಗೆ ನಮ್ಮ ಟಾರ್ಚುಗಳದ್ದು ಮಾತ್ರ ಉಳಿಯಿತು. ಹಡಗು ನೆಟ್ಟಗೆ ಕೂತಿತ್ತು. ಅದರ ಪಕ್ಕದ ಗೋಡೆಯಲ್ಲಿ ಒಂದು ಬಾಗಿಲು, ಒಳಗೆ ಇಕ್ಕಟ್ಟಾದ ಓಣಿ. ಓಣಿ ಸ್ವಲ್ಪ ದೂರ ಹೋಗಿ ಕವಲಾಗುತ್ತದೆ. ಒಂದು ಕವಲು ನಾವು ಬಂದ ಬಾಗಿಲಿನದು, ಇನ್ನೊಂದು ಕೆಳಗೆ ಎಂಜಿನ್ ಕೋಣೆಗೆ ಇಳಿಯುತ್ತದೆ. ಕವಲು ದಾಟಿ ಮುಂದೆ ಒಂದಿಷ್ಟು ಹೋಗಿ, ನೋಡಿ, ಹಿಂದಿರುಗುವುದು ನಮ್ಮ ಯೋಜನೆ. ಗಿರೀಶ ಮುಂದೆ, ವಾಪಸ್ ಬರುವ ದಾರಿಗೆಂದು ರೀಲಿನಿಂದ ದಾರ ಬಿಡುತ್ತಾ ಹೋದ. ನಾನು ಅವನ ಹಿಂದೆ.

ನೋಡುವುದಕ್ಕೆ ಏನೂ ಇರಲಿಲ್ಲ. ತುಕ್ಕು, ಒಂದು ಬಕೆಟ್ಟು, ಸಿಟ್ಟು ಮಾಡಿಕೊಂಡಂತಿದ್ದ ಒಂದು ದಪ್ಪ ಮೀನು. ಇಷ್ಟಕ್ಕಾಗಿ ಇಷ್ಟು ದೂರ ಬಂದೆವಲ್ಲ ಎಂದುಕೊಳ್ಳುತ್ತಿರುವಾಗಲೇ, ನಾವು ಬಿಟ್ಟ ಗಾಳಿಗುಳ್ಳೆಗಳು ತಾಗಿ ಮೇಲಿನಿಂದ ಒಂದು ತುಕ್ಕಿನ ತಗಡು ಕಳಚಿ ನನ್ನ ಹಿಂದೆ ಬಿತ್ತು. ನೆಲದ ಹೂಳೆಲ್ಲ ಎದ್ದಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಡಿಕಾಕ್ಷನ್ ಒಳಗೆ ಮುಳುಗಿದ ಹಾಗಾಯಿತು. ಟಾರ್ಚನ್ನು ಡೈವಿಂಗ್ ಕನ್ನಡಕದ ಗಾಜಿಗೆ ಒತ್ತಿ ಹಿಡಿದರೂ ಬೆಳಕಿಲ್ಲ. ದಾರವನ್ನು ತಡವಿ ಎಳೆದೆ. ಅದು ಸಲೀಸಾಗಿ ಬಂತು. ತುಂಡಾದ ತುದಿ ನನ್ನ ಬೆರಳಿಗೆ ಸಿಕ್ಕಿತು.

ಆ ಓಣಿಯಲ್ಲಿ ಬೆನ್ನ ಮೇಲೆ ಎರಡು ಸಿಲಿಂಡರ್ ಹೊತ್ತವರು ತಿರುಗುವ ಹಾಗಿಲ್ಲ. ಬಂದ ಹಾಗೇ ಹಿಂದಕ್ಕೆ, ಕಾಲು ಮೊದಲಾಗಿ, ಹೋಗಬೇಕು. ಕವಲಿನಲ್ಲಿ ತಪ್ಪಿದರೆ ಎಂಜಿನ್ ಕೋಣೆ. ಅಲ್ಲಿಂದ ಬೇರೆ ದಾರಿಯಿಲ್ಲ ಎಂದು ದೋಣಿಯವನು ಮೊದಲೇ ಹೇಳಿದ್ದ. ನಾನು ಗಿರೀಶನ ಪಾದ ಹಿಡಿದುಕೊಂಡೆ. ಅವನು ಅಲುಗಾಡಲಿಲ್ಲ. ನನ್ನ ಉಸಿರು ಎಷ್ಟು ಜೋರಾಗಿತ್ತೆಂದರೆ, ಸಿಲಿಂಡರಿನಲ್ಲಿ ಇರುವುದು ಹೀಗೆ ಎಷ್ಟು ಹೊತ್ತು ಬಂದೀತು ಎಂದು ಲೆಕ್ಕ ಹಾಕಲು ಹೋಗಿ ಹೆದರಿ ಬಿಟ್ಟುಬಿಟ್ಟೆ. ಮಗಳ ಮುಖ ನೆನಪಾಯಿತು. ಸತ್ತುಹೋಗುತ್ತೇನೆ ಎಂದು ನನಗೆ ಖಚಿತವಾಗಿ ಅನ್ನಿಸಿದ್ದು ಆ ಒಂದೇ ಸಲ.

ಆಗ ಕೇಳಿಸಿತು. ಹಿಂದಿನಿಂದ, ತೆಳ್ಳಗೆ, ಸ್ಪಷ್ಟವಾಗಿ. "ಬರ್ಲಿ, ಬರ್ಲಿ, ಬರ್ಲಿ."

ನನಗೆ ಮೊದಲು ಬಂದದ್ದು ಭಯವಲ್ಲ, ಕೋಪ. ಇಲ್ಲಿಗೂ ಬಂದರಲ್ಲ ಇವರು ಎಂದು. ಆದರೆ ಕಾಲು ತಾನಾಗಿಯೇ ಹಿಂದಕ್ಕೆ ಹೋಗತೊಡಗಿತು. ವರ್ಷಗಟ್ಟಲೆ ಆ ಧ್ವನಿಗೆ ರಿವರ್ಸ್ ತೆಗೆದ ಅಭ್ಯಾಸ. ಗಿರೀಶನ ಪಾದವನ್ನು ಎಳೆದೆ. ಅವನೂ ಬಂದ. ಧ್ವನಿ ನಿಲ್ಲಲಿಲ್ಲ. "ಬರ್ಲಿ, ಇನ್ನೂ ಬರ್ಲಿ, ಜಾಗ ಇದೆ." ಸ್ವಲ್ಪ ಹೊತ್ತಿಗೆ ಪಕ್ಕದ ಗೋಡೆ ಕೈಗೆ ಸಿಗದಾಯಿತು. ಕವಲಿಗೆ ಬಂದಿದ್ದೆವು. "ಲೆಫ್ಟು, ಲೆಫ್ಟು ತಗೋಳಿ" ಎಂದರು ಆಂಟಿ.

ಅಲ್ಲಿ ನಾನು ನಿಂತುಬಿಟ್ಟೆ. ಕೈ ನೋಡಬೇಕು, ಮಾತು ಕೇಳಬಾರದು. ಆದರೆ ಕೈ ಎಲ್ಲಿದೆ? ಸಮುದ್ರದ ತಳದಲ್ಲಿ, ಉಸಿರು ಮುಗಿಯುತ್ತಿರುವ ಹೊತ್ತಿನಲ್ಲಿ, ಪಂಕಜಾ ಆಂಟಿಯ ಎಡ ಯಾವುದು ಎಂದು ಯೋಚಿಸುತ್ತಾ ನಿಂತವನು ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ನೀರಿನೊಳಗೆ ಬಂದ ಮಾತ್ರಕ್ಕೆ ಅವರಿಗೆ ಎಡ ಬಲ ಗೊತ್ತಾಗಿರಲಾರದು ಎಂದು ತೀರ್ಮಾನಿಸಿ ಬಲಕ್ಕೆ ತಿರುಗಿದೆ. "ಹಾಂ, ಹಾಗೇ, ಬರ್ಲಿ, ಬರ್ಲಿ" ಎಂದು ಧ್ವನಿ ಹತ್ತಿರವಾಯಿತು. ಇನ್ನೊಂದಿಷ್ಟು ಹಿಂದಕ್ಕೆ ಹೋದೆ. ನನ್ನ ಸಿಲಿಂಡರು ಕಬ್ಬಿಣಕ್ಕೆ ಢಣ್ ಎಂದು ಬಡಿಯಿತು. "ಸ್ಟಾಪ್" ಎಂದರು.

ಬಡಿದದ್ದು ಹೊರಬಾಗಿಲಿನ ಚೌಕಟ್ಟಿಗೆ. ಒಂದು ಮೊಳ ಆಚೆ ತಿಳಿನೀರು. ಗಿರೀಶನನ್ನು ಕಾಲು ಹಿಡಿದು ಹಲ್ಲು ಕೀಳುವ ಹಾಗೆ ಹೊರಗೆ ಕಿತ್ತೆ.

ಅಷ್ಟು ಆಳದಿಂದ ನೇರವಾಗಿ ಮೇಲೆ ಬರುವಂತಿಲ್ಲ. ಹಗ್ಗ ಹಿಡಿದು ಅಲ್ಲಲ್ಲಿ ನಿಂತು, ಮೈಗೆ ಸೇರಿದ ಗಾಳಿಯನ್ನು ನಿಧಾನವಾಗಿ ಬಿಡಬೇಕು. ಇಬ್ಬರೂ ಒಣಹಾಕಿದ ಬಟ್ಟೆಯ ಹಾಗೆ ಬಹಳ ಹೊತ್ತು ನೇತಾಡಿದೆವು. ಗಿರೀಶ ನನ್ನನ್ನೇ ನೋಡುತ್ತಿದ್ದ. ನಾನು ಬೇರೆ ಕಡೆ ನೋಡುತ್ತಿದ್ದೆ. ಅದು ನನ್ನ ತಲೆಯೊಳಗಿನ ಶಬ್ದ, ಹೆದರಿಕೆಯಲ್ಲಿ ಮನಸ್ಸು ಪರಿಚಯದ ಧ್ವನಿಯೊಂದನ್ನು ತಂದುಕೊಂಡಿದೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಬಲಕ್ಕೆ ತಿರುಗಿದ್ದೂ ನನ್ನ ನೆನಪಿನಿಂದಲೇ ಇರಬೇಕು.

ದೋಣಿ ಹತ್ತಿ ಕೂತ ಮೇಲೆ ಗಿರೀಶ ಒಂದು ಬಾಟಲಿ ನೀರು ಪೂರ್ತಿ ಕುಡಿದ. ಆಮೇಲೆ ದೋಣಿಯವನಿಗೆ ಕೇಳಿಸದ ಹಾಗೆ ಹತ್ತಿರ ಸರಿದ.

"ಗುರು, ಒಂದ್ ಮಾತು ಕೇಳ್ತೀನಿ, ನಗ್ಬಾರ್ದು. ಒಳಗೆ ಬರ್ಲಿ ಬರ್ಲಿ ಅಂತಿದ್ದಿದ್ದು ನೀನಾ?"

"ಬಾಯಲ್ಲಿ ಕೊಳವೆ ಇಟ್ಕೊಂಡು ಹೆಂಗೋ ಮಾತಾಡ್ಲಿ?"

"ಅದೇ ಕಣೋ. ಹೆಂಗಸಿನ ಧ್ವನಿ ಇತ್ತು. ಹೀಲಿಯಂ ಎಳೆದೂ ಎಳೆದೂ ನಿನ್ನ ಗಂಟಲು ಕೀರಲಾಗಿ ಹಂಗಾಗಿದ್ಯೇನೋ ಅಂದ್ಕೊಂಡೆ."

ನಾನು ನಗಲಿಲ್ಲ.

ಊರಿಗೆ ಬಂದ ದಿನ ಕಾಫಿ ಕೊಡುತ್ತಾ ಶೈಲಾ ಹೇಳಿದಳು. "ಪಂಕಜಾ ಆಂಟಿ ಮಗಳಿಗೆ ಫೋನ್ ಮಾಡ್ಬೇಕು ರೀ. ಭಾನುವಾರ ತಿಂಡಿ ಹೊತ್ತಲ್ಲಿ ರಸ್ತೆ ಮಧ್ಯೆ ನಿಂತು ಬರ್ಲಿ ಬರ್ಲಿ ಅಂತ ಕೈ ಆಡಿಸ್ತಾ ಇದ್ರು. ಒಂದು ಗಾಡಿ ಇಲ್ಲ. ನಾನು ಹೋಗಿ ಕರೆದ್ರೆ, ಸುಮ್ನಿರಮ್ಮ, ಇಕ್ಕಟ್ಟಲ್ಲಿದಾರೆ ಅಂದ್ರು." ನನ್ನ ಕೈಯಲ್ಲಿದ್ದ ಕಾಫಿ ಅರ್ಧ ಅಂಗಿಯ ಮೇಲೆ ಹೋಯಿತು. ಬಿಸಿ ಹೆಚ್ಚಾಯಿತು ಎಂದೆ. ಹಡಗಿನ ವಿಷಯ ಹೇಳಿದರೆ ನೀರಿಗೆ ಇಳಿಯುವುದೇ ನಿಲ್ಲುತ್ತದೆ ಎಂದು ಅವಳಿಗೆ ಬಹಳ ಕಾಲ ಹೇಳಲೇ ಇಲ್ಲ.

ಆಂಟಿಯನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಕೇಳೋಣ ಎಂದು ಹಟ ಹಿಡಿದವನು ಗಿರೀಶ. ಅವನು ನಮ್ಮ ಬೀದಿಗೆ ಅದುವರೆಗೂ ಬಂದವನಲ್ಲ, ಆಂಟಿಯನ್ನು ಕಂಡವನೂ ಅಲ್ಲ. ಒಂದು ಸಂಜೆ ಕ್ಲಿನಿಕ್ ಮುಚ್ಚಿ ಬಂದ. ರಸ್ತೆಯ ಬಾಯಿಗೆ ಅವನ ಗಾಡಿ ಬರುತ್ತಲೇ ಆಂಟಿ ಸೆರಗು ಸಿಕ್ಕಿಸಿಕೊಂಡು ಗೇಟಿಗೆ ಬಂದರು. "ಬರ್ಲಿ, ಬರ್ಲಿ" ಎಂದರು. ಗಾಡಿ ರಸ್ತೆ ಮಧ್ಯೆ ಗಕ್ಕನೆ ನಿಂತಿತು. ನಾನು ಓಡಿಹೋಗಿ ನೋಡಿದರೆ ಗಿರೀಶ ಸ್ಟಿಯರಿಂಗ್ ಬಿಟ್ಟು ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. "ಇವ್ರೇ ಕಣೋ" ಎಂದ. ಹಿಂದೆ ಒಂದು ನೀರಿನ ಟ್ಯಾಂಕರು ಹಾರ್ನ್ ಬಡಿಯುತ್ತಿತ್ತು.

ಆಂಟಿಯೇ ಹತ್ತಿರ ಬಂದು ಕಿಟಕಿಯೊಳಗೆ ಇಣುಕಿದರು. "ಯಾಕಪ್ಪಾ ನಿಲ್ಲಿಸ್ಬಿಟ್ಟೆ, ಇನ್ನೂ ಜಾಗ ಇದೆ" ಎಂದರು. ಆಮೇಲೆ ಅವನನ್ನೂ ನನ್ನನ್ನೂ ಒಮ್ಮೆ ನೋಡಿ, "ಅವತ್ತು ಬಂದಿದ್ದು ನೀವಿಬ್ರೇ ಅಲ್ವಾ? ಅಷ್ಟು ಹೊತ್ತು ಕೈ ಬಿದ್ದುಹೋಗೋ ಹಾಗೆ ಆಡಿಸ್ದೆ. ಒಂದು ಥ್ಯಾಂಕ್ಸ್ ಹೇಳ್ದೆ ಹೊರಟೇಹೋದ್ರಿ" ಎಂದರು.

ಗಿರೀಶ ಕೈ ಮುಗಿದ. "ಥ್ಯಾಂಕ್ಸ್ ಆಂಟಿ" ಎಂದ. ಎಲ್ಲಿ ನೋಡಿದಿರಿ, ಏನು ನೋಡಿದಿರಿ ಎಂದು ನಾನು ಕೇಳಬೇಕು ಎನ್ನುವಷ್ಟರಲ್ಲಿ ಅವರೇ ನನ್ನ ಕಡೆ ತಿರುಗಿದರು.

"ಹೋಗ್ಲಿ ಬಿಡಿ. ನಿಮ್ಮಿಬ್ರ ಮುಂದೆ ಇನ್ನೊಬ್ರು ಇದ್ರಲ್ಲ, ಒಳಗಡೆ, ಲೈಟ್ ಹಾಕ್ಕೊಂಡು. ಅವ್ರು ಬರ್ಲೇ ಇಲ್ಲ. ನೀವು ಹೋದ್ಮೇಲೂ ಗಂಟಲು ಹರ್ಕೊಂಡು ಕೂಗ್ದೆ. ಅಲ್ಲೇ ನಿಂತ್ಬಿಟ್ರು. ನಿಮ್ಮ ಕಡೆಯವರೇನಾ?"

"ಇಲ್ಲ ಆಂಟಿ" ಎಂದೆ. "ನಾವಿಬ್ರೇ ಹೋಗಿದ್ದು."

"ಹೌದಾ? ಪಾಪ" ಎಂದು ಹೇಳಿ, ಟ್ಯಾಂಕರಿನವನಿಗೆ ದಾರಿ ತೋರಿಸಲು ಹೋದರು.

ಮಾರನೆಯ ದಿನ ಗಿರೀಶ ದೋಣಿಯವನಿಗೆ ಫೋನ್ ಮಾಡಿ ಕೇಳಿದ. ಆ ಹಡಗಿನಲ್ಲಿ ಆಗಲೀ, ಆಮೇಲೆ ಅದನ್ನು ನೋಡಲು ಇಳಿದವರಲ್ಲಿ ಆಗಲೀ ಯಾರೂ ಸತ್ತಿಲ್ಲವಂತೆ. ಹೋದವರೆಲ್ಲ ಬಂದಿದ್ದಾರೆ, ತನಗೆ ಗೊತ್ತಿರುವಷ್ಟು, ಎಂದನಂತೆ. ಇದಾಗಿ ಕೆಲವು ವರ್ಷಗಳಾದವು. ನಾವಿಬ್ಬರೂ ಈಗಲೂ ಡೈವಿಂಗ್ ಮಾಡುತ್ತೇವೆ, ಆದರೆ ಯಾವ ಹಡಗಿನ ಒಳಗೂ ಹೋಗುವುದಿಲ್ಲ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ನನಗೆ ತಿಳಿದಿಲ್ಲ. ಪಂಕಜಾ ಆಂಟಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇದ್ದಂತಿಲ್ಲ. ಕೆಲವು ಭಾನುವಾರ ತಿಂಡಿ ಆದ ಮೇಲೆ ಅವರು ಖಾಲಿ ರಸ್ತೆಗೆ ಬಂದು ನಿಲ್ಲುತ್ತಾರೆ. ಎರಡು ಮೂರು ಸಲ, ಅಷ್ಟೇನೂ ಜೋರಾಗಿ ಅಲ್ಲ, "ಬರ್ಲಿ, ಬರ್ಲಿ" ಎಂದು ಕರೆಯುತ್ತಾರೆ. ಸ್ವಲ್ಪ ಹೊತ್ತು ಕಾಯುತ್ತಾರೆ. ಆಮೇಲೆ ಗೇಟು ಹಾಕಿಕೊಂಡು ಒಳಗೆ ಹೋಗುತ್ತಾರೆ.