ಧರ್ಮಶಾಲೆಯ ಕಲ್ಲಿನ ಮುಂದೆ ತೆಗೆದ ದನಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಮುದುಕಿ ಗಂಟು ಕಟ್ಟಿದ್ದು ನನ್ನ ದೆಸೆಯಿಂದ. ಕಂಡವರ ದನಿ ತೆಗೆಯುವುದು, ಅಂದರೆ ಅವರ ಹಾಗೇ ಮಾತಾಡಿ ಅಣಕಿಸುವುದು, ನನ್ನ ಚಟ. ಕಂಡಕ್ಟರು, ಮಾಸ್ತರು, ನಮ್ಮಪ್ಪ, ಹುಡುಗಿಯರ ಮುಂದೆ ಇಲಿಯ ಹಾಗೆ ಕಿಚಗುಟ್ಟುವ ನಾನೇ ಸೈತ, ಯಾರನ್ನೂ ಬಿಟ್ಟವನಲ್ಲ.

ಬೆಟಗೇರಿಯ ನಮ್ಮ ಓಣಿಯ ತುದಿಗೆ ಹಳೆಯದೊಂದು ಧರ್ಮಶಾಲೆ. ನೇಕಾರರ ಮನೆಯ ವಿಧವೆಯೊಬ್ಬಳು ಕಟ್ಟಿಸಿದ್ದು. ಬಾಗಿಲ ಪಕ್ಕದ ಗೋಡೆಯಲ್ಲಿ ಅವಳ ನೆನಪಿನ ಕಲ್ಲು; ‘ದಿಕ್ಕಿಲ್ಲದವರು ಇರತಕ್ಕದ್ದು’ ಎಂದು ಕೆತ್ತಿದ್ದಾರೆ. ಮೊದಲ ಖೋಲಿಯಲ್ಲಿ ನಾವೆಲ್ಲ ಆಯಿ ಎನ್ನುವ ಆ ಮುದುಕಿ ಇದ್ದಳು, ಹಿಂದೆ ನಮ್ಮ ಮಗ್ಗಕ್ಕೆ ನೂಲಿನ ಕಂಡಿಕಿ ಸುತ್ತಿಕೊಡುತ್ತಿದ್ದವಳು. ಓದು ಬಾರದು. ಅಮಾವಾಸ್ಯೆಗೊಮ್ಮೆ ಕಲ್ಲು ತೊಳೆದು, ಎಣ್ಣೆ ಹಚ್ಚಿ, ನನ್ನಿಂದ ಓದಿಸುವಳು. ನಾನು ವಾರ್ತೆ ಓದುವವರ ಗತ್ತಿನಲ್ಲಿ ಓದಿದರೆ ಬೊಚ್ಚುಬಾಯಿ ತೆರೆದು ನಗುವಳು.

ಅವತ್ತು ಗೆಳೆಯರು ಜೊತೆಗಿದ್ದರು. ಗೋಡೆಯ ಮರೆಗೆ ನಿಂತು, ಧರ್ಮಶಾಲೆ ನೋಡಿಕೊಳ್ಳುವ ಹಿರಿಯರ ಹಾಗೆ ಎರಡು ಸಲ ಕೆಮ್ಮಿ, ಅವರ ದನಿ ತೆಗೆದೆ.

“ಏನವಾ, ಕಲ್ಲಿನ್ಯಾಗ ದಿಕ್ಕಿಲ್ಲದವರು ಅಂತ ಬರದೈತಿ. ನಿನಗ ಹಮ್ಮಿಗಿ ಊರಾಗ ತಂಗಿ ಮಗ ಅದಾನಲ್ಲ? ನಾಳಿ ಖೋಲಿ ಖಾಲಿ ಮಾಡು!”

ಒಳಗಿನಿಂದ “ಆತ್ರಿ ಯಪ್ಪಾ” ಎಂದು ಆಯಿಯ ದನಿ ಬಂತು. ನಾವು ಹೊಟ್ಟೆ ಹಿಡಿದು ನಗುತ್ತ ಮಿರ್ಚಿ ಭಜಿ ತಿನ್ನಲು ಹೋದೆವು.

ಮರುದಿನ ಅವ್ವ ಕೊಟ್ಟ ರೊಟ್ಟಿ ಹಿಡಿದು ಹೋದರೆ, ಆಯಿ ಖೋಲಿ ಗುಡಿಸಿ, ಕೀಲಿ ಹಾಕಿ, ಕಲ್ಲಿನ ಕೆಳಗೆ ಗಂಟಿನ ಜೊತೆ ಕುಳಿತಿದ್ದಳು. ಅಮಾವಾಸ್ಯೆ ಇನ್ನೂ ದೂರವಿತ್ತು. ಕಲ್ಲಿಗೆ ಎಣ್ಣೆ ಹಚ್ಚಿ ಮುಗಿದಿತ್ತು.

“ಎಲ್ಲಿಗೆ ಆಯಿ?”

“ಹಮ್ಮಿಗಿಗೆ. ಮುಂಡರಗಿ ಬಸ್ಸು ಎಷ್ಟೊತ್ತಿಗೈತಿ ಹೇಳು. ತಂಗಿ ಮಗ ಬಾಗಲಾ ತಗಿತಾನೋ ಇಲ್ಲೋ. ಅವರವ್ವ ಸತ್ತಾಗ ಮಣ್ಣಿಗೂ ನನಗ ಖಬರ ಕೊಟ್ಟಿರಲಿಲ್ಲ.”

ಈ ಸಲ ನನ್ನ ಬಾಯಿಂದ ನನ್ನದೇ ದನಿ ಬಂತು.

“ಆಯಿ, ನಿನ್ನಿ ಬಂದಾವ್ರು ಆ ಹಿರ್ಯಾರಲ್ಲ. ನಾನು. ಅವರ ದನಿ ತಗದು ನಗಾಕ ಚಾಷ್ಟಿ ಮಾಡಿದೆ.”

ಅವಳು ನಂಬಲಿಲ್ಲ. “ಹೌದಾ? ತಗಿ ಮತ್ತ, ಕೇಳೂನು.”

ಗೋಡೆಯ ಮರೆ ಇರಲಿಲ್ಲ. ಅವಳ ಮುಖ ನೋಡುತ್ತಲೇ ಕೆಮ್ಮಿದೆ, ನಿನ್ನೆಯ ಮಾತನ್ನೇ ಆಡಿದೆ.

“ಬರೇ ಅವರ ದನಿ ತಗದಿದ್ದೆ ಆಯಿ, ಅಷ್ಟ…” ಎಂದು ಜಾರಿಕೊಳ್ಳಲು ನೋಡಿದೆ.

ಆಯಿ ಎದ್ದು ಖೋಲಿಯ ಕೀಲಿ ತೆಗೆದಳು, ಗಂಟನ್ನು ಒಳಗಿಟ್ಟಳು.

“ದನಿ ಅವರದ, ಖರೆ. ಆದ್ರ ಆ ಹಿರ್ಯಾರು ಇಷ್ಟು ವರ್ಷದಾಗ ನನಗ ಒಂದ ದಿನಾನೂ ಹೋಗು ಅಂದಿಲ್ಲಪಾ. ಆ ಮಾತು ನಿಂದು.”