ಮುಚ್ಚಳ ಹಾಕಿದ ಮೇಲೆ ಮಾತು

ನಮ್ಮ ಮೇಡಂ ತುಟಿ ಬಿಗಿಹಿಡಿದರೆ ಮೇಲ್ದುಟಿಯ ಅಂಚಿನ ಕರಿ ಮಚ್ಚೆ ಒಳಗೆ ಸೇರಿಕೊಳ್ಳುತ್ತಿತ್ತು. ಮಚ್ಚೆ ಕಾಣದಿದ್ದರೆ ಅವರ ಕೈಯಲ್ಲಿ ತೆರೆದ ಟ್ಯೂಬಿದೆ, ಮಾತಾಡಿಸಬಾರದು ಎಂದರ್ಥ. ಟ್ಯೂಬಿನಲ್ಲಿರುತ್ತಿದ್ದದ್ದು ಆರ್‌ಎನ್‌ಎ, ಜೀವಕೋಶದೊಳಗೆ ಸುದ್ದಿ ಸಾಗಿಸುವ ವಸ್ತು. ಎಂಜಲಿನ ಒಂದು ತುಂತುರು ಸಿಡಿದರೂ ಕೆಟ್ಟುಹೋಗುತ್ತದೆ. “ಎಂಜಲಾದ್ರೆ ನೈವೇದ್ಯವೂ ಹೋಯ್ತು, ಇದೂ ಹೋಯ್ತು. ಮುಚ್ಚಳ ಹಾಕಿದ ಮೇಲೆ ಮಾತು,” ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆ. ಸಿ.ವಿ. ರಾಮನ್ ನಗರದ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಅವರ ಸಹಾಯಕಿ. ಹುಟ್ಟಾ ಸಸ್ಯಾಹಾರಿಯಾದ ಅವರು ರಸೆಲ್ ಮಾರುಕಟ್ಟೆಗೆ ಹೋಗಿ, ಕೆಂಪು ಹಿಡಿದ ಒಣಮೀನನ್ನೇ ಹುಡುಕಿ ತರುತ್ತಿದ್ದರು. “ಕೆಟ್ಟೋಗೈತೆ ಮೇಡಂ, ತಿನ್ಬೇಡಿ,” ಎಂದ ಅಂಗಡಿಯವನಿಗೆ, “ತಿನ್ನೋಕಲ್ಲಪ್ಪ, ಸಾಕೋಕೆ,” ಎಂದಿದ್ದರು. ಮೀನಿಗೆ ಮೆತ್ತಿದ ಅಷ್ಟೊಂದು ಉಪ್ಪಿನಲ್ಲಿ ಈ ಕೆಂಪು ಸೂಕ್ಷ್ಮಜೀವಿ ಹೇಗೆ ಬದುಕುತ್ತದೆ ಎನ್ನುವುದೊಂದೇ ಅವರ ಚಿಂತೆ. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡು ಎದ್ದುಹೋದರೆ, ಚೀಲ ಇಡಲು ಜಾಗವಾಯಿತಲ್ಲ ಎಂದು ನಗುತ್ತಿದ್ದರು.

ಒಂದು ದಿನ ಆ ಜೀವಿಯ ಆರ್‌ಎನ್‌ಎ ಫೋಟೋದಲ್ಲಿ, ತೀರಾ ಕೆಳಗೆ, ತೆಳ್ಳನೆಯ ಗೆರೆಯೊಂದು ಕಂಡಿತು. ಫೋಟೋದ ಒಂದೊಂದು ಸಾಲೂ ಒಂದೊಂದು ಮಾದರಿ; ದೊಡ್ಡ ತುಂಡು ಮೇಲೆ ನಿಲ್ಲುತ್ತದೆ, ಚಿಕ್ಕದು ಕೆಳಗಿಳಿಯುತ್ತದೆ. ಅಷ್ಟು ಕೆಳಗೆ ಬೀಳುವುದು ಕೆಟ್ಟುಹೋದ ಚೂರು ಎಂದೇ ನಾವೆಲ್ಲ ಕಲಿತದ್ದು. ಮೇಡಂ ಒಪ್ಪಲಿಲ್ಲ. “ಉಪ್ಪು ಜಾಸ್ತಿ ಮಾಡಿದ ಸಾಲಲ್ಲಿ ಮಾತ್ರ ಇದೆ ನೋಡಮ್ಮ. ಕೆಟ್ಟಿದ್ದಾದ್ರೆ ಎಲ್ಲಾ ಸಾಲಲ್ಲೂ ಇರ್ಬೇಕಲ್ವಾ? ಈ ಪುಟಾಣಿನೇ ಏನೋ ಕೆಲಸ ಮಾಡ್ತಿದೆ.”

ಅವರ ಸಂಶೋಧನೆ ಮುಂದುವರಿಯಬೇಕೋ ನಿಲ್ಲಬೇಕೋ ಎಂದು ತೀರ್ಮಾನಿಸುವ ಸಮಿತಿಗೆ ವರದಿ ಕಳಿಸುವ ದಿನ ಬಂತು. ಕೊರಿಯರ್‌ನವನು ಬಾಗಿಲಲ್ಲಿ ನಿಂತಿದ್ದ. “ಮೇಡಂ, ಫೋಟೋ ಕೆಳಗಡೆ ಗಲೀಜಾಗಿ ಕಾಣ್ತಿದೆ, ಕತ್ತರಿಸ್ಬಿಡ್ಲಾ?” ಎಂದೆ. ಮಚ್ಚೆ ಕಾಣುತ್ತಿರಲಿಲ್ಲ. ಅವರು ತಲೆಯಾಡಿಸಿದರು. ಹೂಂ ಎನ್ನಲೂ ಬೇಡ ಎನ್ನಲೂ ನಾವು ತಲೆಯಾಡಿಸುವವರೇ. ಆ ಗೆರೆ ನೋಡಿ ಸಮಿತಿಯವರು ನಕ್ಕಾರು ಎಂದು ನನಗೆ ಮೊದಲೇ ಅಳುಕಿತ್ತು. ಹೂಂ ಎಂದೇ ಇಟ್ಟುಕೊಂಡು ಕತ್ತರಿ ಹಾಕಿದೆ.

ಹೊಸದೇನೂ ಕಾಣುವುದಿಲ್ಲ ಎಂದು ಸಮಿತಿ ಬರೆಯಿತು. ಮೇಡಂ ವರದಿಯ ಪ್ರತಿ ತೆರೆದು ಆ ಫೋಟೋ ನೋಡಿದರು. ಕೈಯಲ್ಲಿ ಟ್ಯೂಬು ಇರಲಿಲ್ಲ, ಆದರೂ ಮಚ್ಚೆ ಒಳಗೆ ಹೋಯಿತು. ಇಡೀ ಫೋಟೋ ಇಟ್ಟು ಮತ್ತೆ ಪತ್ರ ಬರೆದರು. ತೀರ್ಮಾನ ಆಗಿಹೋಗಿದೆ ಎಂಬ ಉತ್ತರ ಬಂತು. ನನ್ನನ್ನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಲ್ಯಾಬು ಮುಚ್ಚಿತು. ಅವರು ಜೀವನ್ ಬಿಮಾ ನಗರದ ಮನೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳತೊಡಗಿದರು.

ಎಷ್ಟೋ ವರ್ಷಗಳ ಮೇಲೆ ನಾನೇ ಓದಿದೆ: ಉಪ್ಪು, ಬಿಸಿ, ಚಳಿ ಮಿತಿಮೀರಿದಾಗ ಸೂಕ್ಷ್ಮಜೀವಿಗಳಲ್ಲಿ ಯಾವ ಕೆಲಸ ನಡೆಯಬೇಕು, ಯಾವುದು ನಿಲ್ಲಬೇಕು ಎಂದು ಹತೋಟಿ ಮಾಡುವುದರಲ್ಲಿ ಇಂಥ ಪುಟ್ಟ ಆರ್‌ಎನ್‌ಎಗಳ ಕೈಯಿದೆ.

ಅಷ್ಟರಲ್ಲಿ ಮೇಡಂ ಹಲಸೂರಿನ ಆಸ್ಪತ್ರೆ ಸೇರಿದ್ದರು. ಆಮ್ಲಜನಕದ ಮಾಸ್ಕ್ ಬಾಯಿ ಮುಚ್ಚಿತ್ತು. “ಮೇಡಂ, ಅವತ್ತು ಕತ್ತರಿಸ್ಲಾ ಅಂದಾಗ ನೀವು ಹೂಂ ಅಂದ್ರಾ, ಬೇಡ ಅಂದ್ರಾ?” ಎಂದು ಕೇಳಿದೆ. ನನ್ನನ್ನೇ ನೋಡಿ, ಅಂದಿನ ಹಾಗೆಯೇ ತಲೆಯಾಡಿಸಿದರು.

ಮಾಸ್ಕ್ ತೆಗೆದ ಮೇಲೆ ಕೇಳೋಣ, ಈ ಸಲವಾದರೂ ಕಾಯೋಣ ಎಂದುಕೊಂಡು ಎದ್ದು ಬಂದೆ. ಮೂರನೇ ದಿನ ಮೇಡಂ ತೀರಿಕೊಂಡರು.